ಮನೆಯಲ್ಲೇ ಉತ್ತಮ ಧ್ವನಿಮುದ್ರಣ: ಬೇಡದ ಸದ್ದನ್ನು ತಡೆಯುವ ಬಗೆ

ಇಂದು ಬೇಸಾಯದ ಮಾಹಿತಿ ಅಚ್ಚಿನ ಪುಟಗಳಿಗಿಂತ ಹೆಚ್ಚಾಗಿ ಮೊಬೈಲ್ ಫೋನಿನ ಮೂಲಕವೇ ಹಳ್ಳಿಗಳನ್ನು ತಲುಪುತ್ತಿದೆ. ವಿಸ್ತರಣಾ ಕಾರ್ಯಕರ್ತರು ಮತ್ತು ಪ್ರಗತಿಪರ ರೈತರು ತಾವೇ ವಿಡಿಯೋ ತೆಗೆದು, ಅದಕ್ಕೆ ಮನೆಯಲ್ಲೇ ಧ್ವನಿ ಕೊಟ್ಟು ಕಳುಹಿಸುತ್ತಾರೆ. ಮನೆಯಿಂದ ಧ್ವನಿ ಬಿತ್ತುವುದು ನಮ್ಮ ನಾಡಿಗೆ ಹೊಸದಲ್ಲ. 1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದ್ದರು.

ಆದರೆ ಧ್ವನಿ ಸ್ಪಷ್ಟವಿಲ್ಲದಿದ್ದರೆ ಮಾಹಿತಿಯೇ ತಪ್ಪಾಗಬಹುದು. ಕೆಲವು ವರ್ಷಗಳ ಹಿಂದೆ ಖುಷ್ಕಿ ರಾಗಿಗೆ ಮೇಲುಗೊಬ್ಬರ ಕೊಡುವ ಬಗ್ಗೆ ನಾನೊಂದು ಸಂದೇಶ ಮುದ್ರಿಸಿ ಕಳುಹಿಸಿದ್ದೆ. ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ಮರುದಿನ ರೈತರೊಬ್ಬರು ಫೋನ್ ಮಾಡಿ, "ಎಕರೆಗೆ ಎಪ್ಪತ್ತು ಕಿಲೋ ಯೂರಿಯಾ ಅಂದ್ರಲ್ಲಾ ಸಾರ್, ಅಷ್ಟೊಂದು ಹಾಕಿದ್ರೆ ಪೈರು ಮಲಗಲ್ವೇ?" ಎಂದು ಕೇಳಿದರು. ನಾನು ಹೇಳಿದ್ದು ಇಪ್ಪತ್ತು ಕಿಲೋ. ಅವರು ಅನುಭವಸ್ಥರಾದ್ದರಿಂದ ಕೇಳಿದರು. ಕೇಳದೆ ಹಾಕಿದ್ದರೆ ತಪ್ಪು ನನ್ನದಾಗುತ್ತಿತ್ತು, ನಷ್ಟ ಅವರದಾಗುತ್ತಿತ್ತು.

ಕಳೆಯನ್ನು ಬಿತ್ತನೆಗೆ ಮೊದಲೇ ಉತ್ತು ತೆಗೆಯುವುದು ಸುಲಭ. ಪೈರಿನ ಜೊತೆ ಬೆಳೆದ ಮೇಲೆ ಕಿತ್ತರೆ ಪೈರಿನ ಬೇರೂ ಅಲುಗುತ್ತದೆ. ಬೇಡದ ಸದ್ದಿನ ವಿಷಯವೂ ಹಾಗೆಯೇ. ಆದ್ದರಿಂದ ಕೆಳಗಿನ ಕ್ರಮಗಳನ್ನು ಮುದ್ರಣಕ್ಕೆ ಮೊದಲೇ ಅನುಸರಿಸುವುದು ಲೇಸು.

1. ಸ್ಥಳ ಮತ್ತು ಸಮಯ

ಮೊದಲು ಕೊಠಡಿಯಲ್ಲಿ ಒಂದು ನಿಮಿಷ ಸುಮ್ಮನೆ ಕುಳಿತು ಆಲಿಸಬೇಕು. ಫ್ಯಾನ್, ಫ್ರಿಜ್, ಗಡಿಯಾರ, ಪಂಪ್‌ಸೆಟ್, ಕುಕ್ಕರಿನ ಸೀಟಿ, ದನದ ಕೊರಳ ಗಂಟೆ ಹೀಗೆ ಸದ್ದಿನ ಮೂಲಗಳು ಒಂದೊಂದಾಗಿ ತಿಳಿಯುತ್ತವೆ. ನಿಲ್ಲಿಸಬಹುದಾದುದನ್ನು ನಿಲ್ಲಿಸಿ, ಉಳಿದವುಗಳಿಂದ ದೂರದ ಕೊಠಡಿಯನ್ನು ಆರಿಸಿಕೊಳ್ಳಬೇಕು. ಫ್ರಿಜ್ ಆರಿಸಿದರೆ ಗಾಡಿಯ ಬೀಗದ ಕೈಯನ್ನು ಅದರೊಳಗೆ ಇಡಿ; ಮತ್ತೆ ಹಾಕುವುದು ಮರೆಯುವುದಿಲ್ಲ. ತಗಡಿನ ಮಾಡಿನ ಮನೆಯಲ್ಲಿ ಮಳೆ ಬರುವಾಗ ಮುದ್ರಿಸುವುದು ವ್ಯರ್ಥ. ಚಾರ್ಜರ್ ಹಾಕಿಕೊಂಡು ಮುದ್ರಿಸಿದರೆ ಕೆಲವೊಮ್ಮೆ ವಿದ್ಯುತ್ತಿನ ಗುಂಯ್ಗುಡುವ ಸದ್ದು ಸೇರುತ್ತದೆ, ಅದನ್ನು ತೆಗೆದಿಡಬೇಕು. ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿ ಇಡಬೇಕು.

2. ಪ್ರತಿಧ್ವನಿ ತಡೆ

ಖಾಲಿ ಕೊಠಡಿಯಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಗೋಡೆಗೆ ಬಡಿದು ಮರಳುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. 11 ಅಡಿ ದೂರದ ಗೋಡೆಗೆ ಹೋದ ಮಾತು ಸೆಕೆಂಡಿನ ಸುಮಾರು ಐವತ್ತನೇ ಒಂದು ಭಾಗದಲ್ಲಿ ಹಿಂದಿರುಗಿ, ಮುಂದಿನ ಅಕ್ಷರದೊಡನೆ ಬೆರೆತು ಅದನ್ನು ಮಸುಕುಗೊಳಿಸುತ್ತದೆ. ಇದಕ್ಕೆ ಮನೆಯ ದಪ್ಪ ಕೌದಿ, ಕಂಬಳಿ, ಹಾಸಿಗೆಗಳೇ ಸಾಕು. ಮಾತನಾಡುವವರ ಹಿಂದೆ ಮತ್ತು ಎರಡು ಬದಿಗೆ ಹಗ್ಗ ಕಟ್ಟಿ ಕೌದಿ ಇಳಿಬಿಡಬೇಕು. ಧಾನ್ಯದ ಮೂಟೆ ತುಂಬಿದ ಕೊಠಡಿಯೂ ಒಳ್ಳೆಯದೇ. ಆದರೆ ಬಟ್ಟೆಯು ಪ್ರತಿಧ್ವನಿಯನ್ನು ತಗ್ಗಿಸುತ್ತದೆಯೇ ಹೊರತು ಹೊರಗಿನ ಟ್ರ್ಯಾಕ್ಟರಿನ ಸದ್ದನ್ನು ತಡೆಯುವುದಿಲ್ಲ. ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಅಂಟಿಸುವುದರಿಂದ ಇವೆರಡರಲ್ಲೂ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ.

3. ಮೈಕಿನ ಅಂತರ

ಎಲ್ಲಕ್ಕಿಂತ ಮುಖ್ಯವಾದುದು ಇದೇ. ಬಾಯಿಗೂ ಮೈಕಿಗೂ ಇರುವ ಅಂತರ ಎರಡರಷ್ಟಾದರೆ ಮೈಕಿಗೆ ನೇರವಾಗಿ ತಲುಪುವ ಮಾತಿನ ಮಟ್ಟ 6 ಡೆಸಿಬಲ್ ಇಳಿಯುತ್ತದೆ. ಕೊಠಡಿಯ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಆದ್ದರಿಂದ ಅಂತರವನ್ನು ಒಂದು ಗೇಣಿಗಿಂತ ಸ್ವಲ್ಪ ಕಡಿಮೆ, ಅಂದರೆ 15ರಿಂದ 20 ಸೆಂಟಿಮೀಟರ್ ಇಡಬೇಕು. ಹೆಚ್ಚಿನ ಫೋನುಗಳಲ್ಲಿ ಮೈಕು ಕೆಳತುದಿಯಲ್ಲಿರುತ್ತದೆ. ಅದನ್ನು ಬೆರಳಿನಿಂದ ಮುಚ್ಚಬಾರದು. ಫೋನನ್ನು ಕೈಯಲ್ಲಿ ಹಿಡಿಯುವ ಬದಲು ಮಡಿಸಿದ ಟವೆಲಿನ ಮೇಲೆ ಇಟ್ಟರೆ ಉಜ್ಜುವ ಸದ್ದು ಬರುವುದಿಲ್ಲ. ಪ, ಫ, ಬ, ಭ ಅಕ್ಷರಗಳನ್ನು ಉಚ್ಚರಿಸುವಾಗ ಬಾಯಿಂದ ಗಾಳಿ ನುಗ್ಗಿ 'ಧಬ್' ಎನ್ನುತ್ತದೆ. ಮೈಕನ್ನು ಬಾಯಿಯ ಎದುರಿಗಿಡದೆ ಸ್ವಲ್ಪ ಓರೆಯಾಗಿ ಇಟ್ಟರೆ ಇದು ತಪ್ಪುತ್ತದೆ.

4. ಧ್ವನಿಮಟ್ಟ

ಮುದ್ರಿಸುವ ತಂತ್ರಾಂಶದಲ್ಲಿ ಧ್ವನಿಮಟ್ಟ ಕಾಣುವಂತಿದ್ದರೆ, ಜೋರಾದ ಮಾತು ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ಇರಲಿ. ಅದು ಸೊನ್ನೆಯನ್ನು ಮುಟ್ಟಿದರೆ ಧ್ವನಿ ಒಡೆಯುತ್ತದೆ. ಒಡೆದ ಧ್ವನಿಯನ್ನು ಆಮೇಲೆ ಪೂರ್ತಿ ಸರಿಪಡಿಸಲಾಗದು. ವೇವ್ ರೂಪದಲ್ಲಿ, ಒಂದೇ ವಾಹಿನಿಯಲ್ಲಿ, ಸೆಕೆಂಡಿಗೆ 44,100 ಮಾದರಿಗಳಂತೆ 16 ಬಿಟ್‌ನಲ್ಲಿ ಮುದ್ರಿಸಿದರೆ ನಿಮಿಷಕ್ಕೆ ಸುಮಾರು 5 ಎಂ.ಬಿ. ಜಾಗ ಬೇಕಾಗುತ್ತದೆ.

5. ಓದುವ ಕ್ರಮ

ಹೇಳಬೇಕಾದುದನ್ನು ಆಡುಮಾತಿನಲ್ಲಿ ಬರೆದುಕೊಂಡು, ನೆಟ್ಟಗೆ ಕುಳಿತು ನಿಧಾನವಾಗಿ ಓದಬೇಕು. ಹಾಳೆಯ ಸರಪರ ಸದ್ದು ಬಾರದಂತೆ ನೋಡಿಕೊಳ್ಳಬೇಕು. ತಪ್ಪಾದಲ್ಲಿ ನಿಲ್ಲಿಸದೆ ಒಮ್ಮೆ ಚಪ್ಪಾಳೆ ತಟ್ಟಿ ಆ ವಾಕ್ಯವನ್ನು ಮತ್ತೆ ಓದಬೇಕು. ಕತ್ತರಿಸುವಾಗ ಆ ಜಾಗ ಎದ್ದು ಕಾಣುತ್ತದೆ. ಗೊಬ್ಬರ, ಔಷಧಿಗಳ ಪ್ರಮಾಣವನ್ನು ಎರಡು ಸಲ ಹೇಳಬೇಕು. "ಇಪ್ಪತ್ತು, ಅಂದರೆ ಎರಡು ಸೊನ್ನೆ" ಎಂದು ಅಂಕಿಯನ್ನೂ ಬಿಡಿಸಿ ಹೇಳಬೇಕು. ಎಕರೆಗೋ, ಹೆಕ್ಟೇರಿಗೋ, ಲೀಟರ್ ನೀರಿಗೋ ಎಂಬುದನ್ನು ಎಂದೂ ಬಿಡಬಾರದು.

6. ಮುದ್ರಣದ ನಂತರ

ಆರಂಭದಲ್ಲಿ ಹತ್ತು ಸೆಕೆಂಡು ಮಾತಿಲ್ಲದೆ ಕೊಠಡಿಯ ಸದ್ದನ್ನಷ್ಟೇ ಮುದ್ರಿಸಿರಬೇಕು. ಆಡಾಸಿಟಿಯಂಥ ಉಚಿತ ತಂತ್ರಾಂಶವು ಈ ಮಾದರಿಯನ್ನು ನೋಡಿ ಅದೇ ಬಗೆಯ ಸದ್ದನ್ನು ತಗ್ಗಿಸುತ್ತದೆ. ಫ್ಯಾನಿನಂಥ ಒಂದೇ ಸಮನೆಯ ಸದ್ದಿಗೆ ಇದು ಉಪಯುಕ್ತ. ನಾಯಿ ಬೊಗಳಿದ್ದಕ್ಕೆ ಉಪಯೋಗವಿಲ್ಲ, ಆ ವಾಕ್ಯವನ್ನು ಮತ್ತೆ ಓದುವುದೇ ದಾರಿ. 6ರಿಂದ 12 ಡೆಸಿಬಲ್ ತಗ್ಗಿಸಿದರೆ ಸಾಕು. ಅತಿಯಾದರೆ ನೀರೊಳಗಿನಿಂದ ಮಾತನಾಡಿದಂತೆ ಕೇಳುತ್ತದೆ. ವಾಟ್ಸಾಪ್‌ನಲ್ಲಿ ಕಳುಹಿಸುವಾಗ ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಗುಣಮಟ್ಟ ಕುಗ್ಗುವುದಿಲ್ಲ.

ಕೊನೆಯದಾಗಿ, ಕಳುಹಿಸುವ ಮುನ್ನ ಒಂದು ಸಾಧಾರಣ ಫೋನನ್ನು ಹೊಲದ ಬದುವಿಗೆ ಒಯ್ದು ಬೇರೊಬ್ಬರಿಗೆ ಕೇಳಿಸಿ, ಪ್ರಮಾಣ ಎಷ್ಟೆಂದು ಅವರ ಬಾಯಿಂದಲೇ ಹೇಳಿಸಬೇಕು. ಅವರು ಸರಿಯಾಗಿ ಹೇಳಿದರೆ ಮುದ್ರಣ ಸರಿಯಾಗಿದೆ ಎಂದರ್ಥ. ತಪ್ಪು ಹೇಳಿದರೆ ಅವರ ಕಿವಿಯನ್ನು ದೂರದೆ, ಇನ್ನೊಮ್ಮೆ ಕೌದಿ ಕಟ್ಟಿ ಮುದ್ರಿಸಬೇಕು.