ಮಣ್ಣು ನುಂಗಿದ ವಿಷ ಎಲ್ಲಿಗೆ ಹೋಗುತ್ತದೆ?

ಮಳೆಗಾಲದಲ್ಲಿ ಹೊಸಪೇಟೆಯಿಂದ ಕಂಪ್ಲಿಯ ಕಡೆಗೆ ಹೊರಟರೆ ದಾರಿಯ ಎರಡೂ ಬದಿಗೆ ನಾಟಿ ಮಾಡಿದ ಭತ್ತದ ಗದ್ದೆಗಳು. ಬೆನ್ನಿಗೆ ಪಂಪು ಕಟ್ಟಿಕೊಂಡ ರೈತ ಕೆಸರಿನಲ್ಲಿ ಕಾಲೆಳೆಯುತ್ತ ಸಿಂಪಡಿಸುತ್ತಿರುತ್ತಾನೆ. ಅವನ ಮಾತಿನಲ್ಲಿ ಅದು ‘ಎಣ್ಣೆ’. ಅಂಗಡಿಯವನ ಮಾತಿನಲ್ಲಿ ‘ಔಷಧಿ’. ವಿಷಕ್ಕೆ ಇಷ್ಟು ಸೌಮ್ಯವಾದ ಹೆಸರುಗಳನ್ನು ಇಟ್ಟುಕೊಂಡ ನಮಗೆ, ಅದು ನೆಲಕ್ಕೆ ಬಿದ್ದ ಮೇಲೆ ಏನಾಯಿತೆಂದು ಕೇಳುವ ಅಭ್ಯಾಸವೇ ತಪ್ಪಿಹೋಗಿದೆ. ಕೇಳಿದರೆ ಬರುವ ಉತ್ತರ ಒಂದೇ: ‘ಭೂಮಿತಾಯಿ ನುಂಗಿಕೊಳ್ಳುತ್ತಾಳೆ.’

ನುಂಗಿಕೊಳ್ಳುತ್ತಾಳೆ, ನಿಜ. ಆದರೆ ನುಂಗಿದ್ದೆಲ್ಲವೂ ಅರಗುವುದಿಲ್ಲ. ಸಿಂಪಡಿಸಿದ ವಿಷದಲ್ಲಿ ಹುಳುವಿಗೆ ತಗಲುವುದು ಅತ್ಯಲ್ಪ. ಬಹುಭಾಗ ಎಲೆಯ ಮೇಲೆ, ಗಾಳಿಯಲ್ಲಿ, ಕೊನೆಗೆ ಮಣ್ಣಿನಲ್ಲಿ ಸೇರುತ್ತದೆ. ಮಣ್ಣಿನಲ್ಲಿ ಅದಕ್ಕೆ ಮೂರು ಗತಿಗಳುಂಟು. ಸೂಕ್ಷ್ಮಜೀವಿಗಳ ಬಾಯಿಗೆ ಬಿದ್ದು ಒಡೆದುಹೋಗಬಹುದು, ಮಣ್ಣಿನ ಕಣಕ್ಕೆ ಅಂಟಿ ಕುಳಿತುಕೊಳ್ಳಬಹುದು, ಇಲ್ಲವೆ ನೀರಿನೊಡನೆ ಹೊರಟುಹೋಗಬಹುದು. ಯಾವ ವಿಷ ಯಾವ ದಾರಿ ಹಿಡಿಯುತ್ತದೆ ಎಂಬುದು ವಿಷದ ಗುಣವನ್ನೂ ಮಣ್ಣಿನ ಗುಣವನ್ನೂ ಅವಲಂಬಿಸಿದೆ. ನಮ್ಮ ಬಾವಿ, ಬೋರು, ಹೊಳೆಗಳ ಆರೋಗ್ಯ ನಿಂತಿರುವುದು ಇದರ ಮೇಲೆಯೇ. ಆದುದರಿಂದ ಆರೋಗ್ಯದ ಈ ಪುಟಗಳಲ್ಲಿ ಮಣ್ಣಿನ ಮಾತನ್ನೆತ್ತಿದ್ದೇವೆ.

ಧೋತರದ ಮೇಲೆ ತುಪ್ಪ ಚೆಲ್ಲಿದರೆ ಬರಿಯ ನೀರಿನಿಂದ ಕಲೆ ಹೋಗುವುದಿಲ್ಲ. ತುಪ್ಪಕ್ಕೆ ನೀರಿನ ಸಹವಾಸ ಬೇಡ, ಬಟ್ಟೆಯ ನೂಲೇ ಬೇಕು. ಡಿಡಿಟಿ, ಎಂಡೋಸಲ್ಫಾನ್, ಕ್ಲೋರ್‌ಪೈರಿಫಾಸ್‌ನಂತಹ ವಿಷಗಳ ಸ್ವಭಾವವೂ ಇಂಥದೇ. ನೀರಿನಲ್ಲಿ ಇವು ಕರಗುವುದು ಬಹಳ ಕಡಿಮೆ. ಮಣ್ಣಿಗೆ ಬಿದ್ದೊಡನೆ ಅಲ್ಲಿರುವ ಕೊಳೆತ ಎಲೆ, ಬೇರು, ಸೆಗಣಿಗಳಿಂದ ಆದ ಕಪ್ಪು ಸಾವಯವ ಅಂಶವನ್ನು ಹುಡುಕಿಕೊಂಡು ಹೋಗಿ ಅದರಲ್ಲಿ ಸೇರಿಕೊಳ್ಳುತ್ತವೆ. ಕೃಷಿಯಲ್ಲಿ ಡಿಡಿಟಿ ಬಳಕೆಯನ್ನು ನಮ್ಮ ದೇಶ ನಿಷೇಧಿಸಿದ್ದು 1989ರಲ್ಲಿ. ಮಣ್ಣಿನಲ್ಲಿ ಅದರ ಅರ್ಧ ಭಾಗ ಕರಗಿಹೋಗಲು 2ರಿಂದ 15 ವರ್ಷ ಬೇಕೆಂದು ಅಂದಾಜಿದೆ. ಉಳಿದರ್ಧದ ಅರ್ಧಕ್ಕೆ ಮತ್ತೆ ಅಷ್ಟೇ ಕಾಲ. ಅಜ್ಜ ಹೊಡೆದ ಪುಡಿ ಮೊಮ್ಮಗನ ಹೊಲದಲ್ಲಿ ಇನ್ನೂ ಇದ್ದರೆ ಆಶ್ಚರ್ಯವಿಲ್ಲ. ಕೊಬ್ಬಿನಲ್ಲಿ ಸೇರುವ ಗುಣ ಇದಕ್ಕಿರುವುದರಿಂದ ಮೇವಿನಿಂದ ಹಸುವಿನ ಹಾಲಿಗೂ, ಅನ್ನದಿಂದ ತಾಯಿಯ ಎದೆಹಾಲಿಗೂ ದಾರಿ ಮಾಡಿಕೊಳ್ಳುತ್ತದೆ.

ಇನ್ನು ಕೆಲವು ವಿಷಗಳಿಗೆ ಸಾವಯವ ಅಂಶಕ್ಕಿಂತ ಮಣ್ಣಿನ ಖನಿಜವೇ ಹೆಚ್ಚು ಪ್ರಿಯ. ಇಲ್ಲಿ ನಮ್ಮ ಸೀಮೆಯ ಎರಡು ಬಗೆಯ ನೆಲ ಎರಡು ಬಗೆಯಾಗಿ ವರ್ತಿಸುತ್ತದೆ. ಸಂಡೂರಿನ ಕೆಂಪು ಮಣ್ಣಿಗೆ ಬಣ್ಣ ಬಂದಿರುವುದು ಕಬ್ಬಿಣದಿಂದ. ಹುಲ್ಲು ಸುಡಲು ಬಳಸುವ ಗ್ಲೈಫೊಸೇಟ್ ಈ ಕಬ್ಬಿಣದ ಕಣಗಳಿಗೆ ಬಿಗಿಯಾಗಿ ಅಂಟುತ್ತದೆ. ಆದರೆ ಡಿಎಪಿಯಂತಹ ರಂಜಕದ ಗೊಬ್ಬರವೂ ಅದೇ ಜಾಗಕ್ಕೆ ಅಂಟುವಂಥದು. ಗೊಬ್ಬರ ಹೆಚ್ಚಾದಲ್ಲಿ ಕಳೆನಾಶಕದ ಹಿಡಿತ ಸಡಿಲವಾಗಬಲ್ಲದು. ಕಂಪ್ಲಿ ಭಾಗದ ಎರೆಮಣ್ಣಿನ ಕಥೆಯೇ ಬೇರೆ. ಅದರ ಜೇಡಿಯ ಕಣಗಳು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿವೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕ ಆ ಪದರಗಳ ನಡುವೆ ಸಿಕ್ಕಿಬಿದ್ದು ವರ್ಷಗಟ್ಟಲೆ ಅಲ್ಲಿಯೇ ಉಳಿಯುತ್ತದೆ. ಈ ವಿಷ ಹೊಟ್ಟೆ ಸೇರಿದ ರೋಗಿಗೆ ಆಸ್ಪತ್ರೆಯಲ್ಲಿ ಇದ್ದಿಲ ಪುಡಿಯನ್ನೋ, ಮುಲ್ತಾನಿ ಮಿಟ್ಟಿ ಎಂದು ನಾವು ಕರೆಯುವ ಜೇಡಿಯನ್ನೋ ಕುಡಿಸುವುದುಂಟು. ಮಣ್ಣು ಹೊಲದಲ್ಲಿ ಮಾಡುವ ಕೆಲಸವನ್ನೇ ಹೊಟ್ಟೆಯಲ್ಲಿಯೂ ಮಾಡಲಿ ಎಂಬುದು ಅದರ ಉದ್ದೇಶ. ಆದರೆ ಪ್ಯಾರಾಕ್ವಾಟ್‌ಗೆ ಪ್ರತಿವಿಷವೆಂಬುದು ಇಂದಿಗೂ ಇಲ್ಲ.

ಹಾಗಾದರೆ ಅಂಟಿಕೊಳ್ಳುವ ವಿಷದಿಂದ ನೀರಿಗೆ ಭಯವಿಲ್ಲವೆ? ಹಾಗೆಂದು ನಂಬುವುದು ತಪ್ಪು. ಮಣ್ಣಿಗೆ ಅಂಟಿದ ವಿಷ ಮಣ್ಣಿನೊಡನೆಯೇ ಪ್ರಯಾಣ ಮಾಡುತ್ತದೆ. ರಭಸದ ಮಳೆಗೆ ಹೊಲದ ಮೇಲ್ಪದರ ಕೊಚ್ಚಿಹೋದಾಗ ಹಳ್ಳ ಕೆಂಪಾಗುವುದನ್ನು ಸಂಡೂರಿನವರು ಪ್ರತಿವರ್ಷ ಕಾಣುತ್ತಾರೆ. ತುಂಗಭದ್ರಾ ಜಲಾಶಯ 1953ರಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಇಂದು ಅದು 105ರ ಆಸುಪಾಸಿಗೆ ಇಳಿದಿದೆ. ಆ ವ್ಯತ್ಯಾಸವೆಲ್ಲ ಹೂಳು. ಹೂಳೆಂದರೆ ಯಾರದೋ ಹೊಲದ, ಯಾವುದೋ ಗುಡ್ಡದ ಮೇಲ್ಮಣ್ಣು.

ಅಂಟದ ವಿಷಗಳ ದಾರಿ ಇನ್ನೂ ಸರಳ. ಮೆಕ್ಕೆಜೋಳಕ್ಕೂ ಕಬ್ಬಿಗೂ ಬಳಸುವ ಅಟ್ರಾಜಿನ್, ಜಿಗಿಹುಳುವಿಗೆ ಹೊಡೆಯುವ ಇಮಿಡಾಕ್ಲೋಪ್ರಿಡ್, ಗದ್ದೆಗೆ ಎರಚುವ ಕಾರ್ಬೋಫ್ಯುರಾನ್ ಹರಳು ಇವೆಲ್ಲ ಸಾಕಷ್ಟು ಸಡಿಲ ಸಂಬಂಧದವು. ನೀರು ಇಳಿದತ್ತ ತಾವೂ ಇಳಿಯುತ್ತವೆ. ಅಂತರ್ಜಲದಲ್ಲಿ ಮತ್ತೆ ಮತ್ತೆ ಸಿಗುತ್ತಿದ್ದ ಕಾರಣಕ್ಕೆ ಯುರೋಪಿನ ಒಕ್ಕೂಟ 2004ರಲ್ಲಿ ಅಟ್ರಾಜಿನ್‌ಗೆ ಅನುಮತಿ ನಿರಾಕರಿಸಿತು. ಎರೆಭೂಮಿ ಬಿಗಿ ನೆಲ, ಅದರೊಳಗೆ ನೀರು ಬೇಗ ಇಳಿಯದು ಎಂಬ ಧೈರ್ಯ ನಮ್ಮಲ್ಲಿದೆ. ಬೇಸಿಗೆಯಲ್ಲಿ ಅದೇ ಎರೆಯಲ್ಲಿ ಕೈ ತೂರುವಷ್ಟು ಅಗಲದ ಬಿರುಕುಗಳು ಬಾಯಿ ತೆರೆದಿರುತ್ತವೆ. ಮೊದಲ ಮಳೆಯ ನೀರು ಮಣ್ಣಿನ ಮೂಲಕ ಸೋಸಿಕೊಂಡು ಹೋಗದೆ ಈ ಬಿರುಕುಗಳಲ್ಲಿ ನೇರವಾಗಿ ಕೆಳಗಿಳಿಯುತ್ತದೆ. ಆಗ ಹಿಡಿದಿಟ್ಟುಕೊಳ್ಳುವ ಗುಣ ಎಷ್ಟಿದ್ದರೇನು? ಹಿಡಿಯಲು ಮಣ್ಣಿಗೆ ಅವಕಾಶವೇ ದೊರೆಯಲಿಲ್ಲವಲ್ಲ.

ಇದೆಲ್ಲ ಪುಸ್ತಕದ ಮಾತೆನ್ನುವವರು ಕಾಸರಗೋಡಿನ ಕನ್ನಡ ಗ್ರಾಮವಾದ ಪಡ್ರೆಯನ್ನು ನೆನೆಯಬೇಕು. ಅಲ್ಲಿಯ ಗುಡ್ಡಗಳ ಗೇರು ತೋಟಗಳ ಮೇಲೆ ಕೇರಳದ ಪ್ಲಾಂಟೇಷನ್ ಕಾರ್ಪೊರೇಷನ್ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿತು. ಗುಡ್ಡದ ಬುಡದಲ್ಲಿ ಮನೆಗಳು. ಮನೆಗಳಿಗೆ ಕುಡಿಯುವ ನೀರು ಅದೇ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಿಂದ, ತೊರೆಗಳಿಂದ. ಊರಿನ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ಅವರು ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟಿನಿಂದಲೇ ಬಂದ ಅಂಗವೈಕಲ್ಯಗಳು ಅಸಹಜವಾಗಿ ಹೆಚ್ಚಿರುವುದನ್ನು ಗುರುತಿಸಿದರು. ಪತ್ರಕರ್ತ ಶ್ರೀಪಡ್ರೆಯವರು ಅದನ್ನು ಹೊರಜಗತ್ತಿಗೆ ತಿಳಿಸಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪರೀಕ್ಷಿಸಿದಾಗ, ಸಿಂಪಡಣೆ ನಿಂತು ತಿಂಗಳುಗಳೇ ಕಳೆದಿದ್ದರೂ ಮಕ್ಕಳ ರಕ್ತದಲ್ಲಿ ಎಂಡೋಸಲ್ಫಾನ್ ದೊರೆಯಿತು. ಈ ವಿಷ ಮಣ್ಣಿನಲ್ಲಿ ಒಡೆದು ಎಂಡೋಸಲ್ಫಾನ್ ಸಲ್ಫೇಟ್ ಎಂಬ ಇನ್ನೊಂದು ವಿಷವಾಗುತ್ತದೆ. ಎರಡೂ ಸೇರಿ ಅರ್ಧಕ್ಕಿಳಿಯಲು ಒಂಬತ್ತು ತಿಂಗಳಿನಿಂದ ಆರು ವರ್ಷ ಬೇಕೆಂಬುದು ಅಮೆರಿಕೆಯ ಪರಿಸರ ಸಂರಕ್ಷಣಾ ಸಂಸ್ಥೆಯ ಲೆಕ್ಕ. ನಮ್ಮ ರಾಜ್ಯದ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿಯೂ ಇದೇ ಸಂಕಟ ಉಂಟಾಯಿತು. ಕರ್ನಾಟಕ ಸರ್ಕಾರ 2011ರ ಫೆಬ್ರುವರಿಯಲ್ಲಿ ಅದನ್ನು ನಿಷೇಧಿಸಿತು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟು ದೇಶಾದ್ಯಂತ ತಡೆ ನೀಡಿತು. 2017ರಲ್ಲಿ ಕೇರಳದ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡುವಂತೆ ಅದೇ ನ್ಯಾಯಾಲಯ ಆದೇಶಿಸಿತು. ಹಾಸಿಗೆ ಬಿಟ್ಟು ಏಳಲಾಗದ ಮಗನನ್ನು ಮೂವತ್ತು ವರ್ಷ ಎತ್ತಿಕೊಂಡು ಸಾಕಿದ ತಾಯಿಗೆ ಐದು ಲಕ್ಷ ಎಂಬುದು ಏನು ಲೆಕ್ಕವೋ ನಮಗೆ ತಿಳಿಯದು.

ಪಡ್ರೆ ಗುಡ್ಡದ ಊರು. ನಮ್ಮದು ಕಾಲುವೆಯ ನಾಡು. ಹಂಪಿಯ ಬಾಳೆ ತೋಟಗಳಿಗೆ ನೀರುಣಿಸುವ ತುರ್ತಾ ಕಾಲುವೆ, ಹೊಸಪೇಟೆಯ ರಾಯ ಮತ್ತು ಬಸವಣ್ಣ ಕಾಲುವೆಗಳು ವಿಜಯನಗರದ ಅರಸರ ಕಾಲದವು; ಐನೂರು ವರ್ಷಗಳಿಂದ ಹರಿಯುತ್ತಿವೆ. ಇಲ್ಲಿ ನೀರು ಗದ್ದೆಯಿಂದ ಗದ್ದೆಗೆ ಇಳಿದು, ಹಳ್ಳ ಸೇರಿ, ತಿರುಗಿ ಹೊಳೆಗೆ ಬೀಳುತ್ತದೆ. ಮೇಲಿನ ರೈತ ಬೆಳಿಗ್ಗೆ ಎಣ್ಣೆ ಹೊಡೆದು ಸಂಜೆ ಬದು ಕಡಿದು ನೀರು ಬಿಟ್ಟರೆ, ಮಣ್ಣಿಗೆ ಅಂಟಲು ಪುರುಸೊತ್ತೇ ಸಿಗದ ವಿಷ ಕೆಳಗಿನವರ ಪಾಲಾಗುತ್ತದೆ. ಕಂಪ್ಲಿಯ ಕೋಟೆಯ ಬಳಿ ಹೊಳೆಯಲ್ಲಿ ಮೀಯುವವರು, ಬಟ್ಟೆ ಒಗೆಯುವವರು, ದನಗಳಿಗೆ ನೀರು ಕುಡಿಸುವವರು ಎಷ್ಟು ಜನ!

ಇದಕ್ಕೆ ಪರಿಹಾರವುಂಟೆ ಎಂದರೆ, ಉಂಟು. ಅದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ. ಅಮೆರಿಕೆಯ ಕ್ಯಾಲಿಫೋರ್ನಿಯದಲ್ಲಿ ಸ್ಯಾಕ್ರಮೆಂಟೊ ನದಿಯ ಬಯಲು ನಮ್ಮಂತೆಯೇ ಭತ್ತದ ಸೀಮೆ. 1980ರ ದಶಕದ ಆರಂಭದಲ್ಲಿ ಅಲ್ಲಿಯ ಬಸಿಗಾಲುವೆಗಳಲ್ಲಿ ಮೀನುಗಳು ಸತ್ತು ತೇಲಿದವು. ನಗರದ ನಲ್ಲಿಯ ನೀರು ಕಹಿಯಾಯಿತೆಂದು ಜನ ದೂರಿದರು. ಹುಡುಕಿದರೆ ಕಾರಣ ಗದ್ದೆಯ ಕಳೆನಾಶಕ. ಸಿಂಪಡಿಸಿದ ಮೇಲೆ ಇಂತಿಷ್ಟು ದಿನ ಗದ್ದೆಯ ನೀರನ್ನು ಹೊರಗೆ ಬಿಡಕೂಡದೆಂದು ಅಲ್ಲಿ ನಿಯಮ ಮಾಡಿದರು. ಗದ್ದೆಯಲ್ಲಿ ನಿಂತ ನೀರಿನಲ್ಲಿ ಬಿಸಿಲು, ಸೂಕ್ಷ್ಮಜೀವಿಗಳು ಮತ್ತು ಮಣ್ಣು ತಮ್ಮ ತಮ್ಮ ಕೆಲಸ ಮಾಡಿದವು. ಕೆಲವೇ ವರ್ಷಗಳಲ್ಲಿ ನದಿಗೆ ಸೇರುವ ವಿಷ ಬಹುಮಟ್ಟಿಗೆ ಇಳಿಯಿತು. ನಮ್ಮಲ್ಲಿ ಕಾಲುವೆಯ ಸರದಿ, ಮಳೆ, ನೆರೆಗದ್ದೆಯವನ ಅವಸರ ಎಲ್ಲವೂ ಇವೆ. ಕಷ್ಟವನ್ನು ನಾವು ಬಲ್ಲೆವು. ಆದರೂ ಒಂದು ವಾರ ಬದು ಕಟ್ಟಿಡಲು, ಮೋಡ ಕವಿದ ದಿನ ಪಂಪು ಕೆಳಗಿಡಲು ಸಾಧ್ಯವಾದೀತು.

ಇನ್ನೊಂದು ದಾರಿ ನಿಧಾನದ್ದು. ಸರ್ಕಾರ ಕೊಡುವ ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶಗಳಿರುತ್ತವೆ. ವಿಷದ ಲೆಕ್ಕ ಅದರಲ್ಲಿಲ್ಲ, ಆದರೆ ‘ಸಾವಯವ ಇಂಗಾಲ’ ಎಂಬ ಸಾಲಿದೆ. ಅಲ್ಲಿ 0.5ಕ್ಕಿಂತ ಕಡಿಮೆಯಿದ್ದರೆ ನಿಮ್ಮ ನೆಲಕ್ಕೆ ವಿಷವನ್ನು ಹಿಡಿದಿಡುವ ಶಕ್ತಿಯೂ, ಅದನ್ನು ಒಡೆಯುವ ಸೂಕ್ಷ್ಮಜೀವಿಗಳ ಬಲವೂ ಕಡಿಮೆಯೆಂದೇ ತಿಳಿಯಬೇಕು. ತಿಪ್ಪೆಗೊಬ್ಬರ, ಹಸಿರೆಲೆ ಗೊಬ್ಬರ, ಸುಡದೆ ಉಳಿಸಿದ ಬಾಳೆಯ ದಿಂಡು ಮತ್ತು ಕಬ್ಬಿನ ರವುದಿ ಈ ಅಂಕಿಯನ್ನು ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ಏರಿಸುತ್ತವೆ.

ಮನೆಯೊಳಗಿನ ಮಾತು. ನೀರನ್ನು ಕಾಯಿಸಿದರೆ ರೋಗಾಣುಗಳು ಸಾಯುತ್ತವೆ, ಕೀಟನಾಶಕ ಹೋಗುವುದಿಲ್ಲ. ಹೊಲದ ನಡುವಿನ ಬೋರಿನ ನೀರನ್ನು ಕುಡಿಯುವವರು, ಅದರಲ್ಲಿಯೂ ಗರ್ಭಿಣಿಯರು ಮತ್ತು ಎಳೆಯ ಮಕ್ಕಳಿರುವ ಮನೆಯವರು, ಊರಿನ ಶುದ್ಧ ನೀರಿನ ಘಟಕದಿಂದ ನೀರು ತರುವುದು ಲೇಸು. ಅಲ್ಲಿಯ ಸೋಸುಕದಲ್ಲಿರುವ ಇದ್ದಿಲು, ಹೊಲದಲ್ಲಿ ಗೊಬ್ಬರ ಹಿಡಿಯುವಂತೆಯೇ ವಿಷವನ್ನು ಹಿಡಿಯುತ್ತದೆ. ಅದರ ಹಿಡಿತಕ್ಕೂ ಮಿತಿಯಿರುವುದರಿಂದ ಕಾಲಕಾಲಕ್ಕೆ ಬದಲಿಸುತ್ತಾರೆಯೇ ಎಂದು ಪಂಚಾಯಿತಿಯನ್ನು ವಿಚಾರಿಸಬೇಕು. ಎಣ್ಣೆಯನ್ನು ಬಾವಿಯ ಕಟ್ಟೆಯ ಮೇಲಾಗಲಿ, ಬೋರಿನ ಬುಡದಲ್ಲಾಗಲಿ ಕಲಸಬಾರದು. ಅಲ್ಲಿ ಚೆಲ್ಲಿದ್ದು ಮಣ್ಣನ್ನು ತಪ್ಪಿಸಿ ಪೈಪಿನ ಪಕ್ಕದಲ್ಲಿಯೇ ನೀರಿಗಿಳಿಯುತ್ತದೆ. ಪಂಪನ್ನು ಕಾಲುವೆಯಲ್ಲಿ ತೊಳೆಯುವ ರೂಢಿ ನಿಲ್ಲಬೇಕು. ಬರಿದಾದ ಡಬ್ಬವನ್ನು ಮೂರು ಸಲ ಗಲಬರಿಸಿ, ಆ ನೀರನ್ನು ಪಂಪಿಗೇ ಹಾಕಿ, ಡಬ್ಬಕ್ಕೆ ತೂತು ಮಾಡಿಬಿಟ್ಟರೆ ಅದು ನೀರಿನ ಚೊಂಬಾಗಿ ಮನೆ ಸೇರುವುದಿಲ್ಲ. ಹೊಡೆದು ಬಂದವರು ಮಗುವನ್ನು ಎತ್ತಿಕೊಳ್ಳುವ ಮೊದಲು ಸಾಬೂನಿನಿಂದ ಮಿಂದು, ಆ ಬಟ್ಟೆಯನ್ನು ಬೇರೆಯಾಗಿಯೇ ಒಗೆಯಬೇಕು.

ಸಿಂಪಡಿಸಿದವರಿಗೆ ಬೆವರು, ಜೊಲ್ಲು, ವಾಂತಿ, ಕಣ್ಣು ಮಂಜಾಗುವುದು, ಸ್ನಾಯುಗಳ ಅದುರು ಕಂಡುಬಂದರೆ ಬಿಸಿಲಿನ ಬಾಧೆಯೆಂದು ಮಲಗಿಸಬೇಡಿರಿ. ಬಟ್ಟೆ ಕಳಚಿ ಮೈ ತೊಳೆದು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ, ಡಬ್ಬದ ಚೀಟಿಯನ್ನು ಮರೆಯದೆ ಜೊತೆಗೆ ಒಯ್ಯಿರಿ. ಯಾವ ವಿಷವೆಂದು ತಿಳಿದರೆ ಮಾತ್ರ ವೈದ್ಯರು ಸರಿಯಾದ ಮದ್ದನ್ನು ಬೇಗ ಆರಂಭಿಸಬಲ್ಲರು.