ಪೊಲೀಸರಿಲ್ಲದ ಆಕಾಶಕ್ಕೆ 19 ಪುಸ್ತಕ

ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ಇರುವುದು ಗುಡ್ಡದ ನೆತ್ತಿಯ ಮೇಲೆ. 2010ರ ಮೇ 22ರ ಬೆಳಗಿನ ಜಾವ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737, ಸುಮಾರು 8,000 ಅಡಿ ಉದ್ದದ ಆ ರನ್‌ವೇಯಲ್ಲಿ 5,200 ಅಡಿಯಷ್ಟು ದಾಟಿ ಬಂದ ಮೇಲೆ ನೆಲ ಮುಟ್ಟಿತು. ಉಳಿದ ಜಾಗದಲ್ಲಿ ನಿಲ್ಲಲಾಗಲಿಲ್ಲ. ತುದಿ ದಾಟಿ ಮುಂದೆ ನುಗ್ಗಿ, ಕಾಂಕ್ರೀಟ್ ಕಟ್ಟೆಯ ಮೇಲಿದ್ದ ಆಂಟೆನಾಕ್ಕೆ ಬಲರೆಕ್ಕೆ ಬಡಿದು, ವಿಮಾನ ಕಣಿವೆಗೆ ಬಿತ್ತು. 158 ಮಂದಿ ಸತ್ತರು. ಎಂಟು ಮಂದಿ ಬದುಕಿ ಬಂದರು.

ಇಳಿಯುವ ಯತ್ನ ಕೈಬಿಟ್ಟು ಮತ್ತೆ ಮೇಲೇರಬೇಕಿತ್ತು, ಕ್ಯಾಪ್ಟನ್ ಏರಲಿಲ್ಲ. ಅದೇ ನೇರ ಕಾರಣ ಎಂದಿತು ತನಿಖಾ ವರದಿ. ಅದರ ಜತೆಗೆ ಒಂದು ಅಳತೆಯೂ ಚರ್ಚೆಗೆ ಬಂತು. ಓಟ ತಪ್ಪಿದ ವಿಮಾನ ಸಿಕ್ಕಿಕೊಂಡು ನಿಲ್ಲಲೆಂದು ರನ್‌ವೇಯಾಚೆ ಬಿಡುವ ಸುರಕ್ಷತಾ ಪ್ರದೇಶ ಮಂಗಳೂರಿನಲ್ಲಿ 90 ಮೀಟರ್ ಇತ್ತು. ನಿಯಮ ಏನು ಹೇಳುತ್ತದೆ? 90 ಮೀಟರ್ ಕಡ್ಡಾಯ, 240 ಮೀಟರ್ ಶಿಫಾರಸು. ಎರಡೂ ಅಂಕಿ ಒಂದೇ ಪುಸ್ತಕದಲ್ಲಿವೆ. ಎರಡರ ನಡುವಿನ ಆ 150 ಮೀಟರ್‌ನಲ್ಲಿ ಜಾಗತಿಕ ವಿಮಾನಯಾನದ ಆಡಳಿತದ ಗುಟ್ಟೆಲ್ಲ ಅಡಗಿದೆ.

ಆ ಪುಸ್ತಕದ ಹೆಸರು ಅನೆಕ್ಸ್ 14. ಇಂಥ ಅನೆಕ್ಸ್‌ಗಳು ಒಟ್ಟು 19. ಪೈಲಟ್ ಲೈಸೆನ್ಸ್ ಮೊದಲನೆಯದು, ವಿಮಾನಗಳ ನೋಂದಣಿ ಗುರುತು ಏಳನೆಯದು, ಅಪಘಾತ ತನಿಖೆ ಹದಿಮೂರನೆಯದು. ಭಾರತದ ವಿಮಾನಗಳ ಮೈಮೇಲೆ ‘ವಿಟಿ’ ಅಕ್ಷರಗಳಿರುವುದು, ದೇವನಹಳ್ಳಿಯ ರನ್‌ವೇಗಳಿಗೆ ದಿಕ್ಸೂಚಿಯ ಲೆಕ್ಕದಲ್ಲಿ 09 ಮತ್ತು 27 ಎಂಬ ಸಂಖ್ಯೆ ಬಂದಿರುವುದು, ಬ್ಲ್ಯಾಕ್ ಬಾಕ್ಸ್‌ಗೆ ಕಿತ್ತಳೆ ಬಣ್ಣ ಬಳಿಯುವುದು, ಎಲ್ಲದಕ್ಕೂ ಇವುಗಳಲ್ಲೊಂದು ಆಧಾರ. ಇವನ್ನು ಬರೆಸಿ ಕಾಪಾಡುವ ಸಂಸ್ಥೆ ಕೆನಡಾದ ಮಾಂಟ್ರಿಯಲ್‌ನಲ್ಲಿದೆ: ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ವೃತ್ತಿಯವರ ಬಾಯಲ್ಲಿ ಐಕಾವೊ. ಸದಸ್ಯ ದೇಶಗಳು 193.

ಇದು ಹುಟ್ಟಿದ್ದು ಯುದ್ಧದ ನಡುವೆ. 1944ರ ನವೆಂಬರ್ 1ರಂದು ಶಿಕಾಗೊದ ಸ್ಟೀವನ್ಸ್ ಹೋಟೆಲಿನಲ್ಲಿ ಸಭೆ ಸೇರಿದಾಗ ಬರ್ಲಿನ್ ಇನ್ನೂ ಬಿದ್ದಿರಲಿಲ್ಲ. ಸೋವಿಯತ್ ಒಕ್ಕೂಟ ಬರಲೇ ಇಲ್ಲ. ಸ್ವಾತಂತ್ರ್ಯ ಬಾರದಿದ್ದ ಭಾರತ ಮಾತ್ರ ಗಿರಿಜಾ ಶಂಕರ್ ಬಾಜಪೇಯಿ ನೇತೃತ್ವದಲ್ಲಿ ಹಾಜರಿತ್ತು. ಡಿಸೆಂಬರ್ 7ರಂದು 52 ದೇಶಗಳು ಸಹಿ ಹಾಕಿದ ಒಪ್ಪಂದ 1947ರ ಏಪ್ರಿಲ್ 4ರಿಂದ ಜಾರಿಗೆ ಬಂತು. ಯಾರ ಆಕಾಶ ಅವರದೇ ಎನ್ನುವುದು ಅದರ ಮೊದಲ ವಿಧಿ.

ಆದರೆ ಹಣದ ಮಾತಿಗೆ ಬಂದಾಗ ಶಿಕಾಗೊ ಸೋತಿತು. ಆಕಾಶ ಎಲ್ಲರಿಗೂ ತೆರೆದಿರಲಿ ಎಂದಿತು ಅಮೆರಿಕ. ಅದರ ಬಳಿ ವಿಮಾನಗಳಿದ್ದವು. ಮಾರ್ಗಗಳನ್ನು ಹಂಚಿಕೊಳ್ಳೋಣ ಎಂದಿತು ಬ್ರಿಟನ್. ಅದರ ಬಳಿ ಅಷ್ಟಿರಲಿಲ್ಲ. ಹೊಂದಾಣಿಕೆ ಆಗಲಿಲ್ಲ. ಹಾಗಾಗಿ ಸುರಕ್ಷತೆಗೆ ಜಗತ್ತಿಗೆಲ್ಲ ಒಂದೇ ನಿಯಮ, ವ್ಯಾಪಾರಕ್ಕೆ ಮಾತ್ರ ದೇಶ ದೇಶಗಳ ನಡುವೆ ಪ್ರತ್ಯೇಕ ಒಪ್ಪಂದ. ಕರಾವಳಿಯವರಿಗೆ ಗಲ್ಫ್ ವಿಮಾನದಲ್ಲಿ ಎಷ್ಟು ಸೀಟು ಸಿಗಬೇಕು ಎಂಬುದನ್ನು ಇಂದಿಗೂ ತೀರ್ಮಾನಿಸುವುದು ದೆಹಲಿ ಮತ್ತು ಅಬುಧಾಬಿಯ ನಡುವಿನ ಮಾತುಕತೆ, ಮಾಂಟ್ರಿಯಲ್ ಅಲ್ಲ.

ಐಕಾವೊಗೆ ಪೊಲೀಸರಿಲ್ಲ, ದಂಡ ಹಾಕುವ ಅಧಿಕಾರವೂ ಇಲ್ಲ. 36 ಸದಸ್ಯರ ಮಂಡಳಿ ಮೂರನೇ ಎರಡರಷ್ಟು ಮತದಿಂದ ನಿಯಮವನ್ನು ಅಂಗೀಕರಿಸುತ್ತದೆ. ಪಾಲಿಸಲಾಗದ ದೇಶಕ್ಕೆ 38ನೇ ವಿಧಿಯಲ್ಲಿ ದಾರಿ ಉಂಟು: ನಮ್ಮಲ್ಲಿ ಹೀಗಿಲ್ಲ ಎಂದು ಬರೆದು ತಿಳಿಸಿದರಾಯಿತು. ಇದು ಮೇಲ್ನೋಟಕ್ಕೆ ನಗೆಪಾಟಲು. ಆದರೆ ಪರಊರಿನಲ್ಲಿ ಇಳಿಯುವ ಪೈಲಟ್‌ಗೆ ಬೇಕಾದ್ದು ಆದರ್ಶ ರನ್‌ವೇಯಲ್ಲ, ಇರುವ ರನ್‌ವೇಯ ನಿಜವಾದ ವಿವರ. ಹೇಳಿ ಮುರಿದ ನಿಯಮದಿಂದ ಆಗುವ ಅಪಾಯ ಕಡಿಮೆ.

ಐಕಾವೊ ತನಗೇ ಕೊಟ್ಟುಕೊಂಡ ವಿನಾಯಿತಿಯೂ ಉಂಟು. ಅಳತೆಗಳೆಲ್ಲ ಮೆಟ್ರಿಕ್ ಆಗಬೇಕು ಎನ್ನುವ ಅನೆಕ್ಸ್ 5, ಎತ್ತರಕ್ಕೆ ಅಡಿ, ವೇಗಕ್ಕೆ ನಾಟ್ ಬಳಸಲು ‘ತಾತ್ಕಾಲಿಕ’ ಅನುಮತಿ ಕೊಟ್ಟಿದೆ. ಆ ತಾತ್ಕಾಲಿಕ ಎಂದು ಮುಗಿಯಬೇಕು ಎಂಬ ದಿನಾಂಕ ಇನ್ನೂ ಗೊತ್ತಾಗಿಲ್ಲ.

ಅನೆಕ್ಸ್‌ಗಳ ಎಷ್ಟೋ ಸಾಲುಗಳ ಹಿಂದೆ ಹೆಣಗಳಿವೆ. 1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಮೇಲೇರುತ್ತಿದ್ದ ಸೌದಿಯ ಜಂಬೊ 14,000 ಅಡಿಯಲ್ಲಿ, ದೆಹಲಿಗೆ ಇಳಿಯುತ್ತಿದ್ದ ಕಜಕಸ್ತಾನದ ಇಲ್ಯೂಶಿನ್ 15,000 ಅಡಿಯಲ್ಲಿ ಇರಬೇಕಿತ್ತು. ಬರುವವರಿಗೂ ಹೋಗುವವರಿಗೂ ಒಂದೇ ಮಾರ್ಗ. ಕಜಕ್ ವಿಮಾನದಲ್ಲಿ ಕಂಟ್ರೋಲರ್ ಜತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದವನು ರೇಡಿಯೊ ಆಪರೇಟರ್. ಅವನೆದುರು ಎತ್ತರ ತೋರಿಸುವ ಮೀಟರ್ ಇರಲಿಲ್ಲ, ಪೈಲಟ್‌ಗಳ ಭುಜದ ಮೇಲಿಂದ ಇಣುಕಬೇಕಿತ್ತು. ವಿಮಾನ ನಿಗದಿಗಿಂತ ಕೆಳಗಿಳಿಯಿತು. ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡೂ ಡಿಕ್ಕಿಯಾಗಿ 349 ಜನ ಸತ್ತರು. ಒಬ್ಬರೂ ಉಳಿಯಲಿಲ್ಲ.

ಇದಾದ ಮೇಲೆ ಡಿಕ್ಕಿಯ ಅಪಾಯವನ್ನು ಕಾಕ್‌ಪಿಟ್‌ನಲ್ಲೇ ಎಚ್ಚರಿಸುವ ಸಾಧನವನ್ನು ಭಾರತ ಕಡ್ಡಾಯ ಮಾಡಿತು. ಮಾಂಟ್ರಿಯಲ್ ಇಂಗ್ಲಿಷನ್ನೇ ಕೈಗೆತ್ತಿಕೊಂಡಿತು. ಅಂತರರಾಷ್ಟ್ರೀಯ ಮಾರ್ಗದ ಪೈಲಟ್‌ಗಳಿಗೂ ಕಂಟ್ರೋಲರ್‌ಗಳಿಗೂ ಆರು ಹಂತದ ಭಾಷಾ ಪರೀಕ್ಷೆ ಬಂತು. 2008ರ ಮಾರ್ಚ್‌ನಿಂದ ಕನಿಷ್ಠ ನಾಲ್ಕನೇ ಹಂತ ಇರಲೇಬೇಕು. ಆ ಹಂತದಲ್ಲೇ ಉಳಿದವರು ಮೂರು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆಗೆ ಕೂರಬೇಕು. ಉಚ್ಚಾರ ಲಂಡನ್ನಿನದೇ ಆಗಬೇಕೆಂದಿಲ್ಲ. ಕೇಳುವವರಿಗೆ ಅರ್ಥವಾಗಬೇಕು, ಅನಿರೀಕ್ಷಿತ ಸಂದರ್ಭದಲ್ಲಿ ಕಂಠಪಾಠದ ವಾಕ್ಯಗಳಾಚೆಗೂ ಮಾತು ಬರಬೇಕು.

ಹಾಗಾದರೆ ಪಾಲಿಸದವರಿಗೆ ಭಯ ಯಾವುದರದ್ದು? ಐಕಾವೊ ಎಲ್ಲ ದೇಶಗಳ ವಿಮಾನಯಾನ ಇಲಾಖೆಗಳ ಆಡಿಟ್ ನಡೆಸಿ ಫಲಿತಾಂಶವನ್ನು ಬಹಿರಂಗಪಡಿಸುತ್ತದೆ. ಅಲ್ಲಿಂದ ಮುಂದಿನದನ್ನು ಬೇರೆಯವರು ನೋಡಿಕೊಳ್ಳುತ್ತಾರೆ. 2012ರ ಕೊನೆಯಲ್ಲಿ ಭಾರತದ ಆಡಿಟ್‌ನಲ್ಲಿ ಲೋಪಗಳು ಕಂಡವು. ಅಮೆರಿಕದ ವಿಮಾನಯಾನ ಇಲಾಖೆ ತಾನೂ ಬಂದು ಪರಿಶೀಲಿಸಿ, 2014ರ ಜನವರಿಯಲ್ಲಿ ಭಾರತವನ್ನು ಎರಡನೇ ದರ್ಜೆಗೆ ಇಳಿಸಿತು. ನಮ್ಮ ಕಂಪನಿಗಳಿಗೆ ಅಮೆರಿಕಕ್ಕೆ ಹೊಸ ವಿಮಾನ ಹಾಕುವ ದಾರಿ ಮುಚ್ಚಿತು. ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ತರಾತುರಿಯಲ್ಲಿ ಇನ್‌ಸ್ಪೆಕ್ಟರ್‌ಗಳನ್ನು ನೇಮಿಸಿಕೊಂಡ ಮೇಲೆ, 2015ರ ಏಪ್ರಿಲ್‌ನಲ್ಲಿ ದರ್ಜೆ ಮರಳಿತು. ದಂಡವಿಲ್ಲದ ಶಿಕ್ಷೆ ಎಂದರೆ ಇದು.

ದೇಶಗಳ ಜಗಳದಲ್ಲಿ ಮಾತ್ರ ಈ ಉಪಾಯ ನಡೆಯುವುದಿಲ್ಲ. ಮಂಡಳಿಯೇ ಆಗ ನ್ಯಾಯಪೀಠವಾಗಬೇಕು, ಅಲ್ಲಿ ಕೂತವರು ಸರ್ಕಾರಗಳ ಪ್ರತಿನಿಧಿಗಳು. 1971ರ ಜನವರಿ 30ರಂದು ಇಂಡಿಯನ್ ಏರ್‌ಲೈನ್ಸ್‌ನ ‘ಗಂಗಾ’ ಎಂಬ ಫೋಕರ್ ವಿಮಾನವನ್ನು ಲಾಹೋರಿಗೆ ಅಪಹರಿಸಿ, ಬಳಿಕ ಸುಟ್ಟುಹಾಕಲಾಯಿತು. ಭಾರತ ತನ್ನ ಆಕಾಶವನ್ನು ಪಾಕಿಸ್ತಾನಕ್ಕೆ ಮುಚ್ಚಿತು. ಕರಾಚಿಯಿಂದ ಢಾಕಾಕ್ಕೆ ಹೊರಟ ವಿಮಾನಗಳು ಶ್ರೀಲಂಕಾ ಸುತ್ತಬೇಕಾಯಿತು. ಪಾಕಿಸ್ತಾನ ಮಂಡಳಿಗೆ ದೂರು ಕೊಟ್ಟಿತು. ಈ ವಿಚಾರಣೆಗೆ ನಿಮಗೆ ಅಧಿಕಾರವೇ ಇಲ್ಲ ಎಂದು ಭಾರತ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 1972ರ ಆಗಸ್ಟ್‌ನಲ್ಲಿ ನ್ಯಾಯಾಲಯ ಅಧಿಕಾರ ಉಂಟು ಎಂದಿತು. ಅಷ್ಟರಲ್ಲಿ ಢಾಕಾ ಪಾಕಿಸ್ತಾನದ್ದಾಗಿ ಉಳಿದಿರಲಿಲ್ಲ.

ಭಾರತ ಸೋತ ಆ ತೀರ್ಪು ಈಗ ಬೇರೆಯವರ ಕೆಲಸಕ್ಕೆ ಬರುತ್ತಿದೆ. 2014ರ ಜುಲೈನಲ್ಲಿ ಪೂರ್ವ ಉಕ್ರೇನಿನ ಮೇಲೆ ಕ್ಷಿಪಣಿಗೆ ಸಿಕ್ಕಿ ಮಲೇಷ್ಯಾ ಏರ್‌ಲೈನ್ಸ್ ವಿಮಾನದ 298 ಜನ ಸತ್ತ ಪ್ರಕರಣವನ್ನು ಆಸ್ಟ್ರೇಲಿಯಾ ಮತ್ತು ನೆದರ್‌ಲ್ಯಾಂಡ್ಸ್ ಮಂಡಳಿಗೆ ಒಯ್ದವು. ರಷ್ಯಾ ಒಪ್ಪಂದ ಮುರಿದಿದೆ ಎಂದು ಮಂಡಳಿ 2025ರ ಮೇ ತಿಂಗಳಲ್ಲಿ ತೀರ್ಮಾನಿಸಿತು. ಸೆಪ್ಟೆಂಬರ್‌ನಲ್ಲಿ ರಷ್ಯಾ ಹಿಡಿದದ್ದು ಭಾರತ ತುಳಿದ ಹಾದಿಯನ್ನೇ: ಮೇಲ್ಮನವಿ ಹಿಡಿದು ಹೇಗ್‌ಗೆ ಹೋಯಿತು.