ನಿಮಗಿದು ಗೊತ್ತೇ? ಘಾಟಿ ಹತ್ತಿದ ಓಮ್ನಿಗೆ ಏಕೆ ಏದುಸಿರು!

ಹಳೇ ಓಮ್ನಿಯ ಹಿಂದಿನ ಸೀಟು ಕಿತ್ತು, ಹಾಸಿಗೆ ಹಾಸಿ, ಮೂಡಿಗೆರೆ-ಕಳಸ ಸುತ್ತುವ ಆಸೆಯೇ? ಮೊದಲು ಎಂಜಿನ್ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟದೆ ಕಿವಿಗೊಡಿ. ಸದ್ದು ಒಮ್ಮೆ ಏರಿ, ಒಮ್ಮೆ ಇಳಿದು, ಇನ್ನೇನು ಆಫ್ ಆಯಿತು ಅನ್ನುವಂತಿದೆಯೇ? ಹಾಗಾದರೆ ಐಡ್ಲಿಂಗ್ ಕೆಟ್ಟಿದೆ. ಅದು ಕೆಡುವ ಕಾರಣಗಳಂತೂ ಒಂದಕ್ಕಿಂತ ಒಂದು ವಿಚಿತ್ರ!

1984ರಲ್ಲಿ ಬಂದ ಈ ಮಾರುತಿ ವ್ಯಾನಿನ ಎಂಜಿನ್ ಎಲ್ಲಿದೆ ಗೊತ್ತೇ? ಮುಂದಿನ ಸೀಟಿನ ಕೆಳಗೆ! ಮಲೆನಾಡಿನ ಮಳೆ ಧೋ ಎಂದು ಸುರಿಯುತ್ತಿದ್ದರೂ ಸೀಟು ಎತ್ತಿ, ಒಳಗೇ ಕೂತು ರಿಪೇರಿ ನೋಡಬಹುದು. ಇಂಥ ಸೌಕರ್ಯ ಯಾವ ದುಬಾರಿ ಕಾರಿನಲ್ಲಿದೆ ಹೇಳಿ!

ನಿಂತಲ್ಲೇ ನಿಂತ ವ್ಯಾನ್ ಸುಮ್ಮನಿರುತ್ತದೆ ಅಂದುಕೊಂಡಿರಾ? ಎಂಜಿನ್ ನಿಮಿಷಕ್ಕೆ 900 ಸುತ್ತು ತಿರುಗುತ್ತಿದ್ದರೆ ಅದರ ಮೂರು ಸಿಲಿಂಡರ್‌ಗಳಲ್ಲಿ ಒಟ್ಟು 1,350 ಕಿಡಿ ಹಾರಬೇಕು! ಕಿಡಿ ಹಾರಿಸುವ ಒಂದು ಸ್ಪಾರ್ಕ್ ಪ್ಲಗ್ ಕೈಕೊಟ್ಟರೂ ಮೂರರಲ್ಲಿ ಒಂದು ಪಾಲು ಶಕ್ತಿ ಖೋತಾ. ಇಡೀ ವ್ಯಾನ್ ಗಡಗಡ!

ಪ್ಲಗ್ ಬಿಚ್ಚಿ ತುದಿಯ ಬಣ್ಣ ನೋಡಿ. ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಕಮ್ಮಿ. ಎಲ್ಲ ಸರಿಯಿದ್ದರೆ? ಹಾಲು ಬೆರೆಸಿದ ಕಾಫಿಯ ಬಣ್ಣ! ಚಿಕ್ಕಮಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಒಂದು ಲೀಟರ್ ಪೆಟ್ರೋಲ್ ಉರಿಯಲು ಎಷ್ಟು ಗಾಳಿ ಬೇಕು? ಸುಮಾರು 9,000 ಲೀಟರ್! ವ್ಯಾನ್ ಕುಡಿಯುವುದಕ್ಕಿಂತ ಉಸಿರಾಡುವುದೇ ಹೆಚ್ಚು.

ಆ ಗಾಳಿ ಚಾರ್ಮಾಡಿ ಘಾಟಿ ಹತ್ತಿದಂತೆ ತೆಳುವಾಗುತ್ತದೆ. ಮೂಡಿಗೆರೆಯ ಎತ್ತರಕ್ಕೆ ಬರುವಷ್ಟರಲ್ಲಿ ಸುಮಾರು ಹತ್ತನೇ ಒಂದು ಪಾಲು ಮಾಯ. ಮುಳ್ಳಯ್ಯನಗಿರಿಯ 1,930 ಮೀಟರ್‌ನಲ್ಲಿ ಇನ್ನೂ ಕಮ್ಮಿ. ಪಾಪ, ಗಾಳಿಗೆ ಪೆಟ್ರೋಲ್ ಬೆರೆಸುವ ಹಳೇ ಕಾರ್ಬ್ಯುರೇಟರ್‌ಗೆ ಇದೇನೂ ಗೊತ್ತಾಗುವುದಿಲ್ಲ. ಕಡಲ ಮಟ್ಟದ ಮಂಗಳೂರಿನಲ್ಲಿ ಟ್ಯೂನ್ ಮಾಡಿದ ಲೆಕ್ಕದಲ್ಲೇ ಪೆಟ್ರೋಲ್ ಸುರಿಯುತ್ತದೆ. ಘಟ್ಟದ ಮೇಲೆ ಎಂಜಿನ್ ಮುಗ್ಗರಿಸದೆ ಇನ್ನೇನು ಮಾಡೀತು!

ಇನ್ನೊಂದು ಕೇಳಿ, ನನಗಂತೂ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಹೊರಗೆ ಹಿಮ ಬೀಳದಿದ್ದರೂ ಕಾರ್ಬ್ಯುರೇಟರ್ ಒಳಗೆ ಮಂಜುಗಡ್ಡೆ ಕಟ್ಟಬಹುದು! ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಗಾಳಿಯಲ್ಲಿರುವ ತೇವ ಅಲ್ಲೇ ಹೆಪ್ಪುಗಟ್ಟುತ್ತದೆ. ಸಣ್ಣ ವಿಮಾನಗಳಲ್ಲಿ 20 ಡಿಗ್ರಿ ಸೆಲ್ಸಿಯಸ್ ಬೆಚ್ಚನೆಯ ದಿನವೂ ಹೀಗಾಗುವುದುಂಟು. ಚಳಿಯೂ ಮಂಜೂ ಕೂಡಿದ ಬೆಟ್ಟದ ಬೆಳಗು ಇದಕ್ಕೆ ಹೇಳಿ ಮಾಡಿಸಿದ್ದು. ಎಂಜಿನ್ ಗಕ್ಕನೆ ನಿಲ್ಲುತ್ತದೆ. ನೀವು ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು ಬರುವಷ್ಟರಲ್ಲಿ ಎಂಜಿನ್ನಿನ ಕಾವಿಗೆ ಅದು ಕರಗಿ ನೀರು! ವ್ಯಾನ್ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್. ಮೆಕ್ಯಾನಿಕ್ ಎಷ್ಟು ಹುಡುಕಿದರೂ ಸಾಕ್ಷಿ ಸಿಗುವುದಿಲ್ಲ!

ಕಾರ್ಬ್ಯುರೇಟರ್ ಕೆಳಗಿನ ಗ್ಯಾಸ್ಕೆಟ್ಟೋ ರಬ್ಬರ್ ಪೈಪೋ ಕೂದಲೆಳೆಯಷ್ಟು ಸೀಳಿದ್ದರೂ ಸಾಕು, ಕಳ್ಳಗಾಳಿ ನುಗ್ಗಿ ಐಡ್ಲಿಂಗ್ ಕುಣಿಯುತ್ತದೆ. ಶೆಡ್‌ನಲ್ಲಿ ತಿಂಗಳುಗಟ್ಟಲೆ ನಿಂತ ವ್ಯಾನ್ ಆದರೆ ಇಲಿಯ ಹಲ್ಲೂ ಕಾರಣವಿರಬಹುದು. ಪತ್ತೆ ಹೇಗೆ? ವೈರ್, ಪ್ಲಗ್ ಕಡೆ ಹೋಗದಂತೆ ಆ ಜಾಗಕ್ಕೆ ತುಸು ನೀರು ಚಿಮುಕಿಸಿ. ಸದ್ದು ತಟ್ಟನೆ ಬದಲಾಯಿತೇ? ಕಳ್ಳ ಸಿಕ್ಕಿಬಿದ್ದ!

ಜೇಡವೂ ವಾಹನ ಕೆಡಿಸುತ್ತದೆ! ಪೆಟ್ರೋಲ್ ವಾಸನೆಗೆ ಮರುಳಾದ ಜೇಡಗಳು ಟ್ಯಾಂಕಿನ ಗಾಳಿಕೊಳವೆಯಲ್ಲಿ ಬಲೆ ಹೆಣೆದವೆಂದು ಮಜ್ದಾ ಕಂಪನಿ 2011ರಲ್ಲಿ ಅಮೆರಿಕದಲ್ಲಿ ಸಾವಿರಾರು ಕಾರುಗಳನ್ನು ವಾಪಸ್ ಕರೆಸಿತ್ತು. 2014ರಲ್ಲಿ ಮತ್ತೊಮ್ಮೆ!

ಈಗ ಬಂಕ್‌ನಲ್ಲಿ ಸಿಗುವ ಇ20 ಪೆಟ್ರೋಲ್‌ನಲ್ಲಿ ಐದನೇ ಒಂದು ಭಾಗದಷ್ಟು ಎಥನಾಲ್ ಇರುತ್ತದೆ. ಅದಕ್ಕೆ ನೀರೆಂದರೆ ಪ್ರಾಣ. ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಹಳೇ ರಬ್ಬರನ್ನೂ ಮೆತ್ತಗಾಗಿಸುತ್ತದೆ. ಹಾಗಾಗಿ ಮಳೆಗಾಲವಿಡೀ ಅರ್ಧ ಟ್ಯಾಂಕ್ ಪೆಟ್ರೋಲ್ ಬಿಟ್ಟು ವ್ಯಾನ್ ನಿಲ್ಲಿಸಬೇಡಿ.

ಕೊನೆಯದು, ವ್ಯಾನಿನಲ್ಲೇ ಮಲಗುವವರಿಗೆ. ಪೆಟ್ರೋಲ್ ಜಾಸ್ತಿಯಾಗಿ ಮುಗ್ಗರಿಸುವ ಎಂಜಿನ್ ಕಾರ್ಬನ್ ಮಾನಾಕ್ಸೈಡನ್ನೂ ಜಾಸ್ತಿ ಉಗುಳುತ್ತದೆ. ಈ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ! ಎಷ್ಟೇ ಚಳಿಯಿರಲಿ, ಗ್ಲಾಸ್ ಏರಿಸಿ ಎಂಜಿನ್ ಆನ್ ಇಟ್ಟು ಮಲಗಬೇಡಿ. ಇನ್ನೊಂದು ಕಂಬಳಿ ಹೊದೆಯಿರಿ!